ಹೊರಗೆ ಕೇಳುವ ನ್ಯಾಯ ಒಳಗೂ ಸಿಗಲಿ: ಸಚಿವ ಪ್ರಲ್ಹಾದ ಜೋಶಿಯವರಿಗೆ ಅಣ್ಣಿಗೇರಿಯಿಂದ ಒಂದು ಬಹಿರಂಗ ಪತ್ರ

ಮಾನ್ಯ ಪ್ರಲ್ಹಾದ ಜೋಶಿಯವರಿಗೆ,

ನಮಸ್ಕಾರ. ನಾನು ನಿಮ್ಮ ಧಾರವಾಡ ಲೋಕಸಭಾ ಕ್ಷೇತ್ರದ ಮತದಾರಳು. ಅಣ್ಣಿಗೇರಿ ತಾಲ್ಲೂಕಿನವಳು. ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತಳಾಗಿದ್ದೇನೆ. ಮನೆಗೆ ಎರೆ ಹೊಲವಿದೆ. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ ಬೆಳೆಯುತ್ತೇವೆ.

ಮುಖ್ಯಮಂತ್ರಿಗೋ ಪ್ರಧಾನಿಗೋ ಬರೆಯದೆ ನಿಮಗೇ ಬರೆಯುತ್ತಿರುವುದಕ್ಕೆ ಕಾರಣವಿದೆ. 2019ರಿಂದ 2024ರವರೆಗೆ ದೇಶದ ಕಲ್ಲಿದ್ದಲು ಮತ್ತು ಗಣಿ ಖಾತೆ ನಿಮ್ಮ ಬಳಿ ಇತ್ತು. 2024ರ ಜೂನ್‌ನಲ್ಲಿ ಹೊಸ ಮತ್ತು ನವೀಕರಿಸಬಹುದಾದ ಇಂಧನದ ಖಾತೆ ನಿಮ್ಮ ಬಳಿಗೆ ಬಂತು. ನೆಲ ಅಗೆದು ತೆಗೆಯುವ ಇಂಧನವನ್ನೂ ಕಂಡಿದ್ದೀರಿ, ಗಾಳಿ ಬಿಸಿಲಿನ ಇಂಧನವನ್ನೂ ನೋಡುತ್ತಿದ್ದೀರಿ. ಯಾವ ಪಕ್ಷದ ಪರವಾಗಿಯೂ ವಿರುದ್ಧವಾಗಿಯೂ ಇದನ್ನು ಬರೆಯುತ್ತಿಲ್ಲ. ಎರಡೂ ಖಾತೆಗಳ ಒಳಹೊರಗು ಬಲ್ಲ ನಮ್ಮ ಭಾಗದವರೊಬ್ಬರಿಗೆ ಬರೆಯುತ್ತಿದ್ದೇನೆ.

ನನ್ನ ಮಾತು ಇಷ್ಟು. ಹವಾಮಾನದ ವಿಷಯದಲ್ಲಿ ಭಾರತ ಶ್ರೀಮಂತ ದೇಶಗಳ ಮುಂದೆ ನಿಂತು ನ್ಯಾಯ ಕೇಳುತ್ತದೆ. ಕೇಳಲೇಬೇಕು. ಆದರೆ ಅದೇ ನ್ಯಾಯ ದೇಶದ ಒಳಗಿನ ಕಲ್ಲಿದ್ದಲು ಊರುಗಳಿಗೂ ಸಿಗಬೇಕು. ಗಾಳಿಯಂತ್ರ, ಸೋಲಾರ್ ಫಲಕ ಬರುತ್ತಿರುವ ನಮ್ಮ ಹೊಲಗಳಿಗೂ ಸಿಗಬೇಕು.

ಕಲ್ಲಿದ್ದಲು ನಮಗೆ ದೂರದ ವಿಷಯ ಎಂದು ನಮ್ಮ ಕಡೆ ಬಹಳ ಜನ ತಿಳಿದಿದ್ದಾರೆ. ಭೂಪಟ ಹಿಡಿದು "ಕರ್ನಾಟಕದಲ್ಲಿ ಕಲ್ಲಿದ್ದಲು ಸಿಗುವುದಿಲ್ಲ" ಎಂದು ನಾನು ಪಾಠ ಹೇಳುವಾಗ ಮಕ್ಕಳು ಬಿಡುತ್ತಿರಲಿಲ್ಲ. "ಟೀಚರ್, ಇಲ್ಲ ಅಂತೀರಿ, ಮತ್ತ ಗೂಡ್ಸ್ ಗಾಡ್ಯಾಗ ಇಷ್ಟೊಂದು ಎಲ್ಲಿಂದ ಬರ್ತೈತ್ರಿ?" ಎಂದು ಕೇಳುತ್ತಿದ್ದರು. ಸರಿಯಾದ ಪ್ರಶ್ನೆ ಅಲ್ವಾ? ಹೊರದೇಶದ ಕಲ್ಲಿದ್ದಲು ಗೋವಾದ ಮುರಗಾಂವ್ ಬಂದರಿನಲ್ಲಿ ಇಳಿಯುತ್ತದೆ. ದೂಧಸಾಗರ, ಕ್ಯಾಸಲ್‌ರಾಕ್ ಘಟ್ಟ ಹತ್ತುತ್ತದೆ. ಲೋಂಡಾ, ಅಳ್ನಾವರ, ಧಾರವಾಡ, ಹುಬ್ಬಳ್ಳಿ, ಅಣ್ಣಿಗೇರಿ, ಗದಗ, ಕೊಪ್ಪಳ, ಹೊಸಪೇಟೆ ದಾಟಿ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಸೇರುತ್ತದೆ. ಇದೇ ಹಳಿಯನ್ನು ಜೋಡಿ ಹಳಿ ಮಾಡಬೇಕೆಂದು ಹೊಸಪೇಟೆಯಿಂದ ಗೋವಾದ ವಾಸ್ಕೋವರೆಗೆ ಸುಮಾರು 352 ಕಿಲೋಮೀಟರ್‌ಗಳ ಯೋಜನೆ ಬಂತು. ಗೋವಾದ ಹಳಿ ಬದಿಯ ಊರಿನವರು ಕಲ್ಲಿದ್ದಲಿನ ಧೂಳು ಸಾಕು ಎಂದು ತಿರುಗಿಬಿದ್ದರು. 2020ರ ನವೆಂಬರ್‌ನಲ್ಲಿ ಚಾಂದೋರ್‌ನಲ್ಲಿ ರಾತ್ರಿಯಿಡೀ ಹಳಿ ಹತ್ತಿರ ಜಮಾಯಿಸಿದ್ದರು. ಘಟ್ಟದ ಕಾಡಿನಲ್ಲಿ ಜೋಡಿ ಹಳಿಗೆ ಕೊಟ್ಟಿದ್ದ ವನ್ಯಜೀವಿ ಅನುಮತಿಯನ್ನು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ರದ್ದು ಮಾಡಿತು.

ಗೋವಾ ಎಂದ ಕೂಡಲೇ ನಮ್ಮಲ್ಲಿ ಮಹದಾಯಿ ನದಿ ನೀರಿನ ಮಾತು ಬರುತ್ತದೆ. ಮಹದಾಯಿಗಾಗಿ ನರಗುಂದ, ನವಲಗುಂದದವರು ವರ್ಷಗಟ್ಟಲೆ ಕೂತದ್ದು ನ್ಯಾಯಕ್ಕಾಗಿಯೇ. ಆದರೆ ಧೂಳಿನ ವಿಷಯದಲ್ಲಿ ಗೋವಾದವರೂ ನಾವೂ ಒಂದೇ ಹಳಿಯ ಬದಿಯಲ್ಲಿ ಇರುವ ಜನ. ಇದನ್ನು ನಾವು ಯಾವತ್ತೂ ಕೂತು ಮಾತಾಡಿಲ್ಲ.

ಉಕ್ಕಿನದು ಹೀಗಾದರೆ ಕರೆಂಟಿನದು ಇನ್ನೊಂದು ದಾರಿ. ರಾಯಚೂರಿನ ಶಕ್ತಿನಗರದಲ್ಲಿ 1,720 ಮೆಗಾವಾಟ್, ಬಳ್ಳಾರಿಯ ಕುಡತಿನಿಯಲ್ಲಿ 1,700, ಯರಮರಸ್‌ನಲ್ಲಿ 1,600, ವಿಜಯಪುರದ ಕೂಡಗಿಯಲ್ಲಿ 2,400. ಇವೆಲ್ಲ ಕಲ್ಲಿದ್ದಲಿನ ಸ್ಥಾವರಗಳು. ಹುಬ್ಬಳ್ಳಿಯ ಅಂಗಡಿ, ಗದಗಿನ ಮುದ್ರಣಾಲಯ, ಹಾವೇರಿಯ ಬೋರ್‌ವೆಲ್ ಎಲ್ಲದರ ಹಿಂದೆ ಒಂದಿಷ್ಟು ಕಲ್ಲಿದ್ದಲು ಇದೆ. ನಮ್ಮ ರಾಜ್ಯದ ಸ್ಥಾವರಗಳಿಗೆ ಕಲ್ಲಿದ್ದಲು ತೆಲಂಗಾಣದ ಸಿಂಗರೇಣಿ, ಒಡಿಶಾದ ಮಹಾನದಿ, ಮಹಾರಾಷ್ಟ್ರದ ವೆಸ್ಟರ್ನ್ ಕೋಲ್‌ಫೀಲ್ಡ್ಸ್ ಗಣಿಗಳಿಂದ ಬರುತ್ತದೆ. ಜೊತೆಗೆ ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಬರಾಂಜ್‌ನಲ್ಲಿ ಕರ್ನಾಟಕ ವಿದ್ಯುತ್ ನಿಗಮದ ಹೆಸರಿನಲ್ಲೇ ಒಂದು ಗಣಿ ಇದೆ. ಅಂದರೆ ಅದು ನಮ್ಮ ರಾಜ್ಯದ ಗಣಿ. ಅಲ್ಲಿನ ಹಳ್ಳಿಯವರು ಪುನರ್ವಸತಿ, ಪರಿಹಾರ, ಕೆಲಸ ಕೇಳಿ ವರ್ಷಗಳಿಂದ ಹೋರಾಡಿದ್ದಾರೆ. ಅವರು ಮರಾಠಿಯಲ್ಲಿ ಕೇಳಿದ್ದು ನಮ್ಮ ಕಿವಿಗೆ ಬೀಳಲಿಲ್ಲ. ನಮ್ಮ ಪತ್ರಿಕೆಗಳ ಮುಖಪುಟಕ್ಕೂ ಬರಲಿಲ್ಲ. ಕರೆಂಟು ಬಿಲ್ಲು ಕಟ್ಟುವ ನಾವೆಲ್ಲ ಆ ಹಳ್ಳಿಗಳಿಗೆ ಋಣಿಗಳು ಎಂದು ನಾನು ನಂಬಿದ್ದೇನೆ.

ಕಲ್ಲಿದ್ದಲು ತೆಗೆಯುವ ಊರಿನಲ್ಲಿ ಏನಾಗುತ್ತದೆ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ಈ ಪತ್ರ ಓದುವ ನಮ್ಮ ಜನರಿಗಾಗಿ ಹೇಳುತ್ತೇನೆ. ನಮ್ಮ ದೇಶದ ಕಲ್ಲಿದ್ದಲಿನ ಬಹುಪಾಲು ಸುರಂಗದಿಂದ ಬರುವುದಿಲ್ಲ, ತೆರೆದ ಗಣಿಯಿಂದ ಬರುತ್ತದೆ. ಮೊದಲು ಕಾಡು ಅಥವಾ ಹೊಲ ಹೋಗುತ್ತದೆ. ಆಮೇಲೆ ಮೇಲ್ಮಣ್ಣು. ಆಮೇಲೆ ಸಿಡಿಮದ್ದು ಇಟ್ಟು ಬಂಡೆ ಒಡೆಯುತ್ತಾರೆ. ಸುತ್ತಲಿನ ಮನೆಗಳ ಗೋಡೆ ಬಿರಿಯುತ್ತದೆ. ಗಣಿ ಆಳಕ್ಕೆ ಹೋದಂತೆ ಅಂತರ್ಜಲ ಅದರೊಳಗೆ ಇಳಿದು ಹೋಗುತ್ತದೆ, ಊರಿನ ಬಾವಿ ಬತ್ತುತ್ತದೆ. ತೆಗೆದ ಮಣ್ಣಿನ ರಾಶಿ ಗುಡ್ಡವಾಗಿ ನಿಲ್ಲುತ್ತದೆ, ಮಳೆಗೆ ಹಳ್ಳಕ್ಕೆ ಇಳಿಯುತ್ತದೆ. ಧೂಳು ಶ್ವಾಸಕೋಶಕ್ಕೆ ಹೋಗುತ್ತದೆ. ಭಾರತದ ಕಲ್ಲಿದ್ದಲಿನಲ್ಲಿ ಬೂದಿಯ ಪಾಲು ಬಹಳ ಜಾಸ್ತಿ, ಶೇಕಡಾ 30ರಿಂದ 45ರವರೆಗೂ ಇರುತ್ತದೆ. ಆ ಬೂದಿ ಸ್ಥಾವರದ ಪಕ್ಕದ ಹೊಂಡಗಳಲ್ಲಿ ತುಂಬಿಕೊಳ್ಳುತ್ತದೆ. ಹೀಗೆ ಗಣಿಯ ಊರಿಗೂ ಪೆಟ್ಟು, ಸ್ಥಾವರದ ಊರಿಗೂ ಪೆಟ್ಟು. ಕೂಡಗಿಯಲ್ಲಿ ಸ್ಥಾವರ ಬೇಡ ಎಂದ ರೈತರ ಮೇಲೆ 2014ರಲ್ಲಿ ಗೋಲಿಬಾರ್ ಆಯಿತು. ನಮ್ಮಿಂದ ಅದೇನು ದೂರದ ಊರಲ್ಲ.

ಜಾರ್ಖಂಡ್‌ನ ಝರಿಯಾದಲ್ಲಿ ನೆಲದ ಕೆಳಗಿನ ಕಲ್ಲಿದ್ದಲಿಗೆ 1916ರಲ್ಲಿ ಹತ್ತಿದ ಬೆಂಕಿ ಇವತ್ತಿಗೂ ಉರಿಯುತ್ತಿದೆ. ಗಣಿ ಇಂಗ್ಲಿಷರ ಕಾಲದಲ್ಲಿ ಶುರುವಾಯಿತು, ಖಾಸಗಿಯವರು ನಡೆಸಿದರು, 1970ರ ದಶಕದಲ್ಲಿ ಸರ್ಕಾರದ ಕೈಗೆ ಬಂತು. ಮಾಲೀಕರು ಬದಲಾದರು, ಬೆಂಕಿಯ ಮೇಲೆ ಬದುಕುವ ಜನ ಅಲ್ಲೇ ಉಳಿದರು.

ಛತ್ತೀಸಗಢದ ಹಸದೇವ್ ಅರಣ್ಯದ ಕಥೆಯನ್ನು ನಮ್ಮ ಕಡೆಯವರು ತಿಳಿದುಕೊಳ್ಳಲೇಬೇಕು. ಅಲ್ಲಿ ಗಣಿ ನಡೆಯುವುದು ರಾಜಸ್ಥಾನದ ಕರೆಂಟಿಗಾಗಿ. 2021ರ ಅಕ್ಟೋಬರ್‌ನಲ್ಲಿ ಅಲ್ಲಿನ ಆದಿವಾಸಿಗಳು ರಾಯಪುರಕ್ಕೆ ಸುಮಾರು 300 ಕಿಲೋಮೀಟರ್ ನಡೆದು ಬಂದು, ನಮ್ಮ ಗ್ರಾಮಸಭೆ ಒಪ್ಪಿಲ್ಲ ಎಂದರು. 2022ರ ಜುಲೈನಲ್ಲಿ ಛತ್ತೀಸಗಢ ವಿಧಾನಸಭೆಯೇ ಹಸದೇವ್‌ನ ಕಲ್ಲಿದ್ದಲು ಬ್ಲಾಕ್‌ಗಳು ಬೇಡ ಎಂದು ಒಮ್ಮತದಿಂದ ನಿರ್ಣಯ ಮಾಡಿತು. ಆದರೂ 2023ರ ಡಿಸೆಂಬರ್‌ನಲ್ಲಿ ಪೊಲೀಸ್ ಕಾವಲಿನಲ್ಲಿ ಮರ ಕಡಿದರು. ಆಗ ಕಲ್ಲಿದ್ದಲು ಸಚಿವರು ನೀವೇ, ಸರ್. ಮರ ಕಡಿಯುವ ತೀರ್ಮಾನ ಒಬ್ಬರದ್ದಲ್ಲ, ರಾಜ್ಯಗಳ ಪಾಲೂ ಅದರಲ್ಲಿ ಇದೆ ಎಂಬುದು ನನಗೆ ಗೊತ್ತು. ಆದರೂ ಒಂದು ವಿಧಾನಸಭೆಯ ಒಮ್ಮತದ ಮಾತು, ಗ್ರಾಮಸಭೆಗಳ ಮಾತು ಹೇಗೆ ಬದಿಗೆ ಸರಿಯಿತು ಎಂದು ನೀವು ಜನರಿಗೆ ಹೇಳಬೇಕಿತ್ತು.

ಇದರ ಬೇರು 1957ರ ಕಲ್ಲಿದ್ದಲು ಪ್ರದೇಶಗಳ ಸ್ವಾಧೀನ ಕಾಯ್ದೆಯಲ್ಲಿದೆ. ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಪ್ರಕಟಿಸಿದರೆ ಸಾಕು, ಭೂಮಿ ಸರ್ಕಾರದ್ದಾಗುತ್ತದೆ. 2013ರ ಭೂಸ್ವಾಧೀನ ಕಾಯ್ದೆ ಬಂದಾಗ ರೈತರ ಒಪ್ಪಿಗೆ, ಸಾಮಾಜಿಕ ಪರಿಣಾಮದ ಅಧ್ಯಯನ ಎಂಬ ಒಳ್ಳೆಯ ನಿಯಮಗಳು ಬಂದವು. ಕಲ್ಲಿದ್ದಲಿನ ಕಾಯ್ದೆಯನ್ನು ಅವುಗಳಿಂದ ಹೊರಗಿಟ್ಟರು. ಪರಿಹಾರದ ಲೆಕ್ಕ ಮಾತ್ರ ಆಮೇಲೆ ಸೇರಿತು. ಭೂಮಿ ಕೊಡಲ್ಲ ಎನ್ನುವ ಹಕ್ಕು ಮಾತ್ರ ಅಲ್ಲಿನ ರೈತರಿಗೆ ಬರಲಿಲ್ಲ.

ಆ ಹಕ್ಕು ಎಂಥದ್ದು ಎಂದು ನಮ್ಮ ಭಾಗಕ್ಕೆ ಚೆನ್ನಾಗಿ ಗೊತ್ತು. ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿಯಲ್ಲಿ ಪೋಸ್ಕೋ ಉಕ್ಕಿನ ಕಾರ್ಖಾನೆಗೆ 3,000ಕ್ಕೂ ಜಾಸ್ತಿ ಎಕರೆ ಭೂಮಿ ಗುರುತಿಸಿದ್ದರು. ರೈತರು ಒಪ್ಪಲಿಲ್ಲ. ಗದಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿ ರೈತರ ಜೊತೆ ನಿಂತರು. 2011ರ ಜುಲೈನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಕಪ್ಪತಗುಡ್ಡದ ವಿಷಯದಲ್ಲೂ ಹೀಗೆಯೇ. 2015ರಲ್ಲಿ ಸಂರಕ್ಷಿತ ಪ್ರದೇಶ ಎಂದರು, 2016ರಲ್ಲಿ ಆ ಆದೇಶ ಹಿಂದಕ್ಕೆ ತೆಗೆದುಕೊಂಡರು. ಚಿನ್ನದ ಗಣಿಯವರು ಕಾಯುತ್ತಿದ್ದರು. ಗದಗ ಜಿಲ್ಲೆ ಸುಮ್ನೆ ಕೂರಲಿಲ್ಲ. 2017ರಲ್ಲಿ ಸಂರಕ್ಷಣೆ ಮರಳಿ ಬಂತು, 2019ರಲ್ಲಿ ಗುಡ್ಡ ವನ್ಯಜೀವಿ ಧಾಮವಾಯಿತು. ಬೇಡ ಎಂದ ಮಾತಿಗೆ ಬೆಲೆ ಸಿಕ್ಕಿದ್ದರಿಂದ ಇವತ್ತು ಹಳ್ಳಿಗುಡಿಯಲ್ಲಿ ಹೊಲ ಇದೆ, ಕಪ್ಪತಗುಡ್ಡದಲ್ಲಿ ಔಷಧಿ ಗಿಡ ಇದೆ. ಬರಾಂಜ್‌ನವರಿಗೂ ಹಸದೇವ್‌ನವರಿಗೂ ಆ ಬೆಲೆ ಸಿಗಲಿಲ್ಲ. ಅವರ ಮಣ್ಣಿನ ಕೆಳಗೆ ಕಲ್ಲಿದ್ದಲು ಇತ್ತು, ನಮ್ಮ ಮಣ್ಣಿನ ಕೆಳಗೆ ಇರಲಿಲ್ಲ.

ನಮ್ಮಂಥ ಬೇರೆ ದೇಶಗಳಲ್ಲೂ ಇದೇ ನಡೆದಿದೆ. ಬಾಂಗ್ಲಾದೇಶದ ದಿನಾಜಪುರ ಜಿಲ್ಲೆಯ ಫುಲ್‌ಬಾರಿ ಭತ್ತ ಬೆಳೆಯುವ ಫಲವತ್ತಾದ ನೆಲ. ಅಲ್ಲಿ ಹೊರದೇಶದ ಕಂಪನಿಯೊಂದು ತೆರೆದ ಗಣಿ ಮಾಡಲು ಹೊರಟಿತು. 2006ರ ಆಗಸ್ಟ್ 26ರಂದು ಸಾವಿರಾರು ರೈತರು ಬೀದಿಗೆ ಬಂದರು. ಅರೆಸೇನಾ ಪಡೆ ಗುಂಡು ಹಾರಿಸಿತು, ಮೂವರು ಸತ್ತರು. ನಾಲ್ಕು ದಿನಕ್ಕೆ ಸರ್ಕಾರ ಹೋರಾಟಗಾರರ ಜೊತೆ ಒಪ್ಪಂದಕ್ಕೆ ಸಹಿ ಹಾಕಿತು. ಮಾತಿನಿಂದ ಆಗಬಹುದಾಗಿದ್ದ ಒಪ್ಪಂದಕ್ಕೆ ಮೂರು ಜೀವ ಹೋದವು.

ಆಫ್ರಿಕಾದ ಮೊಜಾಂಬಿಕ್‌ನದು ಇನ್ನೊಂದು ಬಗೆ. ತೇತೆ ಪ್ರಾಂತ್ಯದ ಮೊವಾಟಿಜೆಯಲ್ಲಿ ದೊಡ್ಡ ಗಣಿಗಾಗಿ ನೂರಾರು ಕುಟುಂಬಗಳನ್ನು ಸುಮಾರು 40 ಕಿಲೋಮೀಟರ್ ದೂರದ ಕಾತೆಮೆ ಎಂಬಲ್ಲಿಗೆ ಕಳಿಸಿದರು. ನದಿ, ಪೇಟೆ ಎರಡೂ ದೂರವಾದವು. ಕೊಟ್ಟ ಭೂಮಿ ಬೆಳೆಗೆ ಬರಲಿಲ್ಲ, ಕಟ್ಟಿಕೊಟ್ಟ ಮನೆಗಳು ಬಿರುಕು ಬಿಟ್ಟವು. 2012ರ ಜನವರಿಯಲ್ಲಿ ಆ ಜನ ಕಲ್ಲಿದ್ದಲು ಸಾಗಿಸುವ ರೈಲಿನ ಹಳಿಗೆ ಅಡ್ಡ ಕೂತರು. ಭಾರತ ಮೊಜಾಂಬಿಕ್‌ನಿಂದಲೂ ಕಲ್ಲಿದ್ದಲು ತರಿಸಿಕೊಳ್ಳುವ ದೇಶ. ಆ ಕುಟುಂಬಗಳ ನಷ್ಟಕ್ಕೂ ನಮ್ಮ ಉಕ್ಕಿಗೂ ಸಂಬಂಧವಿಲ್ಲ ಎಂದು ನಾವು ಹೇಳಲಾಗದು.

ಕೊಲಂಬಿಯಾದ ಲಾ ಗುಆಹಿರಾದಲ್ಲಿ ನೀರೇ ಕಡಿಮೆ ಇರುವ ನೆಲದಲ್ಲಿ ವಾಯೂ ಎಂಬ ಮೂಲನಿವಾಸಿಗಳು ಗಣಿಯಿಂದ ಹಳ್ಳದ ದಾರಿ ಉಳಿಸಿಕೊಳ್ಳಲು ಕೋರ್ಟಿಗೆ ಅಲೆದಿದ್ದಾರೆ. ಇಂಡೋನೇಷ್ಯಾದ ಪೂರ್ವ ಕಾಲಿಮಂತಾನ್‌ನಲ್ಲಿ ಮುಚ್ಚದೆ ಬಿಟ್ಟ ಗಣಿ ಹೊಂಡಗಳಿಗೆ ಬಿದ್ದು ಮಕ್ಕಳು ಸತ್ತಿದ್ದಾರೆ. ದಕ್ಷಿಣ ಆಫ್ರಿಕಾದ ಸೋಮ್ಖೆಲೆಯಲ್ಲಿ ಗಣಿ ವಿಸ್ತರಣೆಯನ್ನು ವಿರೋಧಿಸುತ್ತಿದ್ದ ಫಿಕಿಲೆ ನ್ಟ್ಶಂಗಾಸೆ ಎಂಬ ಅಜ್ಜಿಯನ್ನು 2020ರ ಅಕ್ಟೋಬರ್ 22ರಂದು ಅವರ ಮನೆಯಲ್ಲೇ ಗುಂಡಿಟ್ಟು ಕೊಂದರು. ಆಕೆಯ ಹೆಸರನ್ನು ನಮ್ಮ ಮಕ್ಕಳು ತಿಳಿದಿರಬೇಕು ಎಂಬುದು ನನ್ನ ಆಸೆ.

ಇಷ್ಟೆಲ್ಲ ಸುಟ್ಟಿದ್ದರ ಬಿಸಿ ಯಾರಿಗೆ ತಟ್ಟುತ್ತಿದೆ? ಬ್ರಿಟನ್ 1882ರಲ್ಲಿ ಲಂಡನ್‌ನಲ್ಲಿ ಕಲ್ಲಿದ್ದಲಿನ ವಿದ್ಯುತ್ ಸ್ಥಾವರ ಶುರು ಮಾಡಿ, 142 ವರ್ಷ ಸುಟ್ಟು, 2024ರ ಸೆಪ್ಟೆಂಬರ್ 30ರಂದು ಕೊನೆಯದನ್ನು ಮುಚ್ಚಿತು. ಇದುವರೆಗೆ ಜಗತ್ತು ಗಾಳಿಗೆ ಬಿಟ್ಟ ಕಾರ್ಬನ್ ಡೈ ಆಕ್ಸೈಡಿನಲ್ಲಿ ಹತ್ತಿರಹತ್ತಿರ ಕಾಲು ಭಾಗ ಅಮೆರಿಕದ್ದು. ಭಾರತದ್ದು ನೂರಕ್ಕೆ ಮೂರೋ ನಾಲ್ಕೋ. ಇವತ್ತಿಗೂ ನಮ್ಮಲ್ಲಿ ತಲೆಗೆ ವರ್ಷಕ್ಕೆ ಸುಮಾರು 2 ಟನ್, ಅಮೆರಿಕದಲ್ಲಿ ಸುಮಾರು 14 ಟನ್. ಬಡ ದೇಶಗಳಿಗೆ ವರ್ಷಕ್ಕೆ 10,000 ಕೋಟಿ ಡಾಲರ್ ಕೊಡುತ್ತೇವೆ ಎಂದು ಶ್ರೀಮಂತ ದೇಶಗಳು 2009ರಲ್ಲಿ ಮಾತು ಕೊಟ್ಟವು. ಗಡುವು 2020. ಆ ಮೊತ್ತ ಮುಟ್ಟಿದ್ದು 2022ರಲ್ಲಿ, ಅದರಲ್ಲೂ ದೊಡ್ಡ ಪಾಲು ಸಾಲ. 2024ರ ನವೆಂಬರ್‌ನಲ್ಲಿ ಅಜರ್‌ಬೈಜಾನ್‌ನ ಬಾಕುವಿನಲ್ಲಿ ನಡೆದ ವಿಶ್ವಸಂಸ್ಥೆಯ ಹವಾಮಾನ ಸಮ್ಮೇಳನದಲ್ಲಿ ಬಡ ದೇಶಗಳು ವರ್ಷಕ್ಕೆ 1.3 ಲಕ್ಷ ಕೋಟಿ ಡಾಲರ್ ಕೇಳಿದರೆ, ಶ್ರೀಮಂತ ದೇಶಗಳು 2035ರ ಹೊತ್ತಿಗೆ ವರ್ಷಕ್ಕೆ 30,000 ಕೋಟಿ ಎಂದವು. ಭಾರತದ ಪ್ರತಿನಿಧಿ ಎದ್ದು ನಿಂತು ಇದನ್ನು ಒಪ್ಪಲ್ಲ ಎಂದರು. ಅವತ್ತು ನನಗೆ ನಿಜಕ್ಕೂ ಹೆಮ್ಮೆಯಾಯಿತು.

ಈಗ ನಮ್ಮ ಕಡೆ ನೋಡಿ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ, ಬೆಣ್ಣೆಹಳ್ಳ ಉಕ್ಕಿದಾಗ ನರಗುಂದ ತಾಲ್ಲೂಕಿನ ಕೊಣ್ಣೂರು, ಲಖಮಾಪುರ ಮುಳುಗಿದವು. ವರದಾ ತುಂಬಿ ಹಾವೇರಿಯ ಹಳ್ಳಿಗಳೂ ನೀರಲ್ಲಿ ನಿಂತವು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ. ಹೆಸರು ಬಿತ್ತಿದವರು ಕಾಯಿ ಬಿಡಿಸುವ ಮುಂಚೆಯೇ ಹೊಲ ಹರಗಿದರು. ಬ್ಯಾಡಗಿ ಮೆಣಸಿನಕಾಯಿ ಸಸಿ ಒಣಗಿತು. ಅದೇ ಅಕ್ಟೋಬರ್‌ನಲ್ಲಿ ಪಂಪ್‌ಸೆಟ್‌ಗೆ 7 ತಾಸಿನ ಬದಲು 5 ತಾಸು ಕರೆಂಟ್ ಎಂದರು. ಬರ ಪರಿಹಾರಕ್ಕೆ ರಾಜ್ಯ 18,171 ಕೋಟಿ ರೂಪಾಯಿ ಕೇಳಿತು. ತಿಂಗಳುಗಟ್ಟಲೆ ಕಾದು 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಏಪ್ರಿಲ್ ಕೊನೆಗೆ ಸುಮಾರು 3,454 ಕೋಟಿ ಬಂತು. ರಾಜ್ಯ ಕೇಳಿದ್ದು ಜಾಸ್ತಿಯೋ, ಕೇಂದ್ರ ಕೊಟ್ಟದ್ದು ಕಡಿಮೆಯೋ ಎಂದು ಎರಡೂ ಕಡೆಯ ನಾಯಕರು ಜಗಳವಾಡಿದರು. ಜೋಶಿಯವರೇ, ಬಾಕುವಿನಲ್ಲಿ ನಾವು ಹೇಳಿದ್ದೂ ಇದೇ ಅಲ್ವಾ? ತಡವಾಗಿ ಕೊಡುತ್ತೀರಿ, ಕಡಿಮೆ ಕೊಡುತ್ತೀರಿ, ಕೇಳಿ ಕೇಳಿ ಸಾಕಾಗುವಂತೆ ಮಾಡುತ್ತೀರಿ ಎಂದು. ಹೊರಗೆ ಆ ಮಾತು ಸರಿ ಎಂದಾದರೆ ನಮ್ಮ ರೈತರು ದೆಹಲಿಗೆ ಹೇಳಿದಾಗಲೂ ಅದು ಸರಿಯೇ.

ಇನ್ನೊಂದು ಲೆಕ್ಕ ಕೇಳಬೇಕು. 2010ರಲ್ಲಿ ಕೇಂದ್ರ ಸರ್ಕಾರ ಕಲ್ಲಿದ್ದಲಿನ ಮೇಲೆ ಟನ್‌ಗೆ 50 ರೂಪಾಯಿ ಸೆಸ್ ಹಾಕಿತು. ಸ್ವಚ್ಛ ಇಂಧನಕ್ಕೆ ಎಂದು ಹೇಳಿ ಹಾಕಿದ್ದು ಅದು. 2016ರ ಹೊತ್ತಿಗೆ ಅದು 400 ರೂಪಾಯಿಗೆ ಏರಿತು. 2017ರಲ್ಲಿ ಜಿಎಸ್‌ಟಿ ಬಂದಾಗ ಆ 400 ರೂಪಾಯಿ ರಾಜ್ಯಗಳ ತೆರಿಗೆ ನಷ್ಟ ತುಂಬುವ ನಿಧಿಗೆ ಹೋಯಿತು. 2025ರ ಸೆಪ್ಟೆಂಬರ್‌ನಲ್ಲಿ ಸೆಸ್ಸೇ ನಿಂತು, ಕಲ್ಲಿದ್ದಲಿನ ಜಿಎಸ್‌ಟಿ ಶೇಕಡಾ 5ರಿಂದ 18 ಆಯಿತು. 2024-25ರಲ್ಲಿ ದೇಶದ ಕಲ್ಲಿದ್ದಲು ಉತ್ಪಾದನೆ 100 ಕೋಟಿ ಟನ್ ದಾಟಿತು. ಟನ್‌ಗೆ 400 ಎಂದರೆ ವರ್ಷಕ್ಕೆ ಹತ್ತಿರಹತ್ತಿರ 40,000 ಕೋಟಿ ರೂಪಾಯಿ. ಇಷ್ಟು ದುಡ್ಡಿನಲ್ಲಿ ಗಣಿ ಊರುಗಳ ನೀರು, ಆಸ್ಪತ್ರೆ, ಗಣಿ ಮುಚ್ಚಿದ ಮೇಲೆ ಕಾರ್ಮಿಕರಿಗೆ ಬೇರೆ ಕೆಲಸ ಎಷ್ಟು ಮಾಡಬಹುದಿತ್ತು! ಈಗ ಜಾಸ್ತಿಯಾದ ಜಿಎಸ್‌ಟಿಯಲ್ಲಿ ಒಂದು ನಿಶ್ಚಿತ ಪಾಲನ್ನು ಇದಕ್ಕೇ ಎತ್ತಿಡಿ ಎಂದು ಸಂಪುಟದಲ್ಲಿ ಕೇಳಿ. ಕಲ್ಲಿದ್ದಲು ಖಾತೆ ನೋಡಿಕೊಂಡವರು ಕೇಳಿದರೆ ಆ ಮಾತಿಗೆ ತೂಕ ಇರುತ್ತದೆ.

ಕಾರ್ಮಿಕರ ವಿಷಯ ಸುಮ್ನೆ ಹೇಳಿಲ್ಲ. ಕೋಲ್ ಇಂಡಿಯಾದ ಕಾಯಂ ನೌಕರರೇ ಎರಡು ಲಕ್ಷಕ್ಕಿಂತ ಜಾಸ್ತಿ. ಗುತ್ತಿಗೆಯವರು, ಲಾರಿಯವರು, ಚಹಾ ಅಂಗಡಿಯವರು ಬೇರೆ. ಗಣಿ ನಿಂತ ದಿನ ಮೊದಲು ಬೀದಿಗೆ ಬರುವವರು ಇವರೇ. ಹುಬ್ಬಳ್ಳಿಯಲ್ಲಿ ಮಿಲ್ಲು ಮುಚ್ಚಿದಾಗ ಮನೆಗಳು ಹೇಗೆ ಕುಸಿದವು ಎಂದು ಕಂಡ ಜನ ನಾವು. ಆದ್ದರಿಂದ ನಾಳೆಯೇ ಎಲ್ಲ ಗಣಿ ಮುಚ್ಚಿ ಎಂದು ನಾನು ಕೇಳುತ್ತಿಲ್ಲ. 2025ರ ಜುಲೈನಲ್ಲಿ ನೀವೇ ಹೇಳಿದಿರಿ, ದೇಶದ ವಿದ್ಯುತ್ ಸಾಮರ್ಥ್ಯದಲ್ಲಿ ಅರ್ಧ ಈಗ ಕಲ್ಲಿದ್ದಲು, ತೈಲ, ಅನಿಲ ಬಿಟ್ಟು ಬೇರೆ ಮೂಲಗಳದ್ದು ಎಂದು. ಗುರಿಗಿಂತ ಐದು ವರ್ಷ ಮೊದಲೇ ಆದ ದೊಡ್ಡ ಕೆಲಸ, ಅಭಿನಂದನೆಗಳು. ಆದರೆ ನಿಜವಾಗಿ ತಯಾರಾಗುವ ಕರೆಂಟಿನಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಜಾಸ್ತಿ ಇನ್ನೂ ಕಲ್ಲಿದ್ದಲಿನದು. ದಾರಿ ಉದ್ದ ಇದೆ. ನಾನು ಕೇಳುವುದು, ಹೊಸದಾಗಿ ಕಾಡು ಮತ್ತು ಕಪ್ಪು ಹೊಲ ಒಡೆಯುವ ಗಣಿ ಬೇಡ. ಇರುವ ಗಣಿಯಲ್ಲಿ ಗ್ರಾಮಸಭೆಯ ಮಾತಿಗೆ ಕಾನೂನಿನ ಬಲ ಬೇಕು. ಯಾವ ಗಣಿ ಯಾವ ವರ್ಷ ಮುಚ್ಚುತ್ತದೆ, ಅಲ್ಲಿನ ಜನರಿಗೆ ಏನು ವ್ಯವಸ್ಥೆ ಎಂದು ಮೊದಲೇ ಬರೆದು ಪ್ರಕಟಿಸಬೇಕು.

ಇನ್ನು ನಿಮ್ಮ ಈಗಿನ ಖಾತೆ. ಇಲ್ಲಿ ನನಗೆ ಆಸೆಯೂ ಇದೆ, ಭಯವೂ ಇದೆ.

ಗದಗ ಜಿಲ್ಲೆಗೆ ಗಾಳಿ ಚೆನ್ನಾಗಿದೆ. ಗದಗ, ಮುಂಡರಗಿ, ರೋಣದ ಕಡೆ ಎತ್ತ ನೋಡಿದರೂ ಗಾಳಿಯಂತ್ರ ತಿರುಗುತ್ತಿವೆ. ಇದರಲ್ಲಿ ಹೊಗೆ ಇಲ್ಲ, ಬೂದಿ ಇಲ್ಲ, ಊರು ಎಬ್ಬಿಸುವುದಿಲ್ಲ. ನಾನು ಇದರ ಪರ. ಆದರೆ ಕಂಪನಿಯವರು ಊರಿಗೆ ಬರುವ ರೀತಿ ನೋಡಿದರೆ ಕಲ್ಲಿದ್ದಲು ಊರಿನ ಕಥೆಗಳೇ ನೆನಪಾಗುತ್ತವೆ. ಮೊದಲು ಏಜೆಂಟ್ ಬರುತ್ತಾನೆ. ಪಕ್ಕದವರಿಗೆ ಎಷ್ಟು ಕೊಟ್ಟೆ ಎಂದು ಹೇಳುವುದಿಲ್ಲ. ಕರಾರು ಪತ್ರ ಇಂಗ್ಲಿಷಿನಲ್ಲಿ ಇರುತ್ತದೆ. ಗಾಳಿಯಂತ್ರ ನಿಲ್ಲುವ ಹೊಲದವರಿಗೆ ದುಡ್ಡು ಸಿಗುತ್ತದೆ. ದೊಡ್ಡ ಕ್ರೇನು, ಟ್ರೇಲರ್ ಹೋಗಲು ದಾರಿ ಬಿಟ್ಟವರ ಎರೆ ಮಣ್ಣು ಗಟ್ಟಿಯಾಗಿ, ಒಡ್ಡು ಒಡೆದು, ಮಳೆನೀರು ಬೇರೆ ಕಡೆ ಹರಿಯುತ್ತದೆ. ಅವರನ್ನು ಕೇಳುವವರಿಲ್ಲ. ಲಾವಣಿಗೆ, ಅಂದರೆ ಗೇಣಿಗೆ, ಹೊಲ ಹಾಕಿಕೊಂಡು ಮಾಡುವವರ ಹೆಸರು ಉತಾರದಲ್ಲಿ (ಪಹಣಿಯಲ್ಲಿ) ಇರುವುದಿಲ್ಲ, ಅವರಿಗೆ ಏನೂ ಇಲ್ಲ. ಕಳೆ ತೆಗೆಯಲು, ಬುಡ್ಡಿ ಶೇಂಗಾ ಬಿಡಿಸಲು ಬರುವ ಹೆಣ್ಣುಮಕ್ಕಳ ಮಾತಂತೂ ಯಾರ ಬಾಯಲ್ಲೂ ಬರುವುದಿಲ್ಲ.

ತುಮಕೂರು ಜಿಲ್ಲೆಯ ಪಾವಗಡದ ಸೋಲಾರ್ ಪಾರ್ಕ್ ನೋಡಿ. 2,050 ಮೆಗಾವಾಟ್, ಸುಮಾರು 13,000 ಎಕರೆ. ಅಲ್ಲಿ ಭೂಮಿ ಕೊಂಡುಕೊಳ್ಳದೆ ಬಾಡಿಗೆಗೆ ಪಡೆದರು, ಎಕರೆಗೆ ವರ್ಷಕ್ಕೆ 21,000 ರೂಪಾಯಿ ಎಂದು ಗೊತ್ತು ಮಾಡಿ, ಎರಡು ವರ್ಷಕ್ಕೊಮ್ಮೆ 5 ಶೇಕಡಾ ಏರಿಸುವ ಕರಾರು ಮಾಡಿದರು. ಭೂಮಿ ರೈತನ ಹೆಸರಲ್ಲೇ ಉಳಿಯಿತು. ಇದು ಕಲ್ಲಿದ್ದಲಿನ ಕಾಯ್ದೆಗಿಂತ ನೂರು ಪಾಲು ಮೇಲು. ಆದರೆ ಭೂಮಿ ಇಲ್ಲದ ಕೂಲಿಯವರಿಗೆ ಹೊಲದ ಕೆಲಸವೂ ಹೋಯಿತು, ಬಾಡಿಗೆಯೂ ಬರಲಿಲ್ಲ. ಮುಂದಿನ ಯೋಜನೆಗಳಲ್ಲಿ ಈ ಒಂದು ತಪ್ಪು ತಿದ್ದಬಹುದು. ಮಾರಾಟವಾಗುವ ಪ್ರತಿ ಯೂನಿಟ್‌ಗೆ ಇಂತಿಷ್ಟು ಪೈಸೆ ಎಂದು ಗ್ರಾಮ ಪಂಚಾಯಿತಿಗೆ ಬರುವಂತೆ ಮಾಡಿ. ಅದರಲ್ಲಿ ಮೊದಲ ಹಕ್ಕು ಭೂಮಿ ಇಲ್ಲದ ಮನೆಗಳಿಗೆ ಇರಲಿ.

ಗಾಳಿ ಮತ್ತು ಸೋಲಾರ್ ಯೋಜನೆಗಳಿಗೆ ಪರಿಸರ ಅನುಮತಿ ಬೇಕಿಲ್ಲ ಎಂದು ಬಿಟ್ಟಿದ್ದಾರೆ. ಬೇಗ ಬೆಳೆಯಲಿ ಎಂಬ ಉದ್ದೇಶ ಸರಿ. ಆದರೆ ಅದರಿಂದ ಊರಿನವರ ಅಹವಾಲು ಕೇಳುವ ಸಭೆಯೂ ಇಲ್ಲವಾಯಿತು. ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನ ಹುಲ್ಲುಗಾವಲಿನಲ್ಲಿ ಒಂದು ಕಾಲಕ್ಕೆ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿ ಇತ್ತು. ಅದೇ ಹಕ್ಕಿ ರಾಜಸ್ಥಾನ, ಗುಜರಾತಿನಲ್ಲಿ ಕರೆಂಟು ತಂತಿಗೆ ಬಡಿದು ಸಾಯುತ್ತಿದೆ ಎಂಬ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್ 2024ರ ಮಾರ್ಚ್ 21ರಂದು ದೊಡ್ಡ ಮಾತು ಹೇಳಿತು. ಹವಾಮಾನ ಬದಲಾವಣೆಯ ಕೆಟ್ಟ ಪರಿಣಾಮಗಳಿಂದ ಮುಕ್ತವಾಗಿ ಬದುಕುವುದು ಸಂವಿಧಾನದ 14 ಮತ್ತು 21ನೇ ವಿಧಿಗಳಲ್ಲಿ ಬರುವ ಹಕ್ಕು ಎಂದಿತು. ಸೋಲಾರ್ ಬೇಕು ಎಂದೂ ಅದೇ ತೀರ್ಪು ಹೇಳಿತು. ಹಕ್ಕಿಯೂ ಉಳಿಯಬೇಕು, ಕಲ್ಲಿದ್ದಲೂ ಕಡಿಮೆಯಾಗಬೇಕು. ಕಷ್ಟದ ಕೆಲಸ, ಆದರೆ ಊರಿನವರನ್ನು ಕೂರಿಸಿಕೊಂಡು ಕೇಳಿದರೆ ಯಾವ ಗುಡ್ಡ ಬಿಡಬೇಕು, ಯಾವ ಬೀಳು ನೆಲ ತೆಗೆದುಕೊಳ್ಳಬಹುದು ಎಂದು ಅವರೇ ತೋರಿಸುತ್ತಾರೆ. ಕಪ್ಪತಗುಡ್ಡದ ಕುರಿಗಾಹಿಗಳಿಗೆ ಅಲ್ಲಿನ ಒಂದೊಂದು ಕಣಿವೆ ಗೊತ್ತು.

ನಿಮ್ಮ ಖಾತೆಯ ಕುಸುಮ್ ಯೋಜನೆ ನಮ್ಮ ರೈತರಿಗೆ ಎಲ್ಲಕ್ಕಿಂತ ಹತ್ತಿರದ್ದು. ಫೀಡರ್‌ಗೆ ಸೋಲಾರ್ ಹಾಕಿ ಹಗಲು ತ್ರೀ ಫೇಸ್ ಕೊಟ್ಟರೆ ರಾತ್ರಿ ಹೊತ್ತು ಬ್ಯಾಟರಿ ಹಿಡಿದು ಮೋಟರ್ ಚಾಲೂ ಮಾಡಲು ಹೋಗುವುದು ತಪ್ಪುತ್ತದೆ. ಹಾವು ಕಚ್ಚಿ, ಶಾಕ್ ಹೊಡೆದು ಸತ್ತವರ ಮನೆ ಕಲಘಟಗಿಯಿಂದ ಹಾನಗಲ್‌ವರೆಗೆ ಎಲ್ಲ ಕಡೆ ಇವೆ. ದೊಡ್ಡ ಪಾರ್ಕ್‌ಗಳಿಗಿಂತ ಮೊದಲು ಇದನ್ನು ನಮ್ಮ ಧಾರವಾಡ, ಗದಗ, ಹಾವೇರಿ ಮೂರೂ ಜಿಲ್ಲೆಗಳಲ್ಲಿ ಮುಗಿಸಿ. ಇದಕ್ಕೆ ಭೂಮಿ ಕಡಿಮೆ ಸಾಕು, ಲಾಭ ಊರಲ್ಲೇ ಉಳಿಯುತ್ತದೆ, ಅಷ್ಟರ ಮಟ್ಟಿಗೆ ಬರಾಂಜ್‌ನಲ್ಲಿ ಅಗೆಯುವುದೂ ಕಡಿಮೆಯಾಗುತ್ತದೆ.

ಈಗ ನಿಮ್ಮಿಂದ ಕೂಡಲೇ ಆಗಬಹುದಾದ ಎರಡು ಕೆಲಸ ಕೇಳುತ್ತೇನೆ. ಗಾಳಿ, ಸೋಲಾರ್ ಬಾಡಿಗೆಯ ಮಾದರಿ ಕರಾರು ಪತ್ರವನ್ನು ಕನ್ನಡದಲ್ಲಿ ಮಾಡಿಸಿ. ಬಾಡಿಗೆ ಎಷ್ಟು, ಎಷ್ಟು ವರ್ಷಕ್ಕೆ, ದಾರಿ ಮತ್ತು ಒಡ್ಡಿನ ನಷ್ಟಕ್ಕೆ ಏನು, ಗಾಳಿಯಂತ್ರದ ಆಯುಷ್ಯ ಮುಗಿದ ಮೇಲೆ ಕಾಂಕ್ರೀಟು ತೆಗೆಯುವವರು ಯಾರು ಎಂದು ಅದರಲ್ಲಿ ಬರೆದಿರಲಿ. ಅದನ್ನು ಪ್ರತಿ ಪಂಚಾಯಿತಿಯಲ್ಲಿ ಅಂಟಿಸಿ, ಗ್ರಾಮಸಭೆಯಲ್ಲಿ ಓದಿ ಹೇಳದೆ ಯಾವ ನೋಂದಣಿಯೂ ಆಗದಂತೆ ರಾಜ್ಯದ ಜೊತೆ ಮಾತಾಡಿ. ಎರಡನೆಯದು, ಅಣ್ಣಿಗೇರಿಯಲ್ಲಿ ಒಂದು ಸಭೆ ಕರೆಯಿರಿ. ಗದಗ, ಹಾವೇರಿಯ ರೈತರು ಬರಲಿ. ಬರಾಂಜ್‌ನಿಂದ ನಾಲ್ಕು ಜನರನ್ನು ಕರೆಸಿ, ಅವರ ಮಾತನ್ನು ಕನ್ನಡಕ್ಕೆ ಹೇಳುವವರು ಹುಬ್ಬಳ್ಳಿಯಲ್ಲಿ ಬೇಕಾದಷ್ಟು ಇದ್ದಾರೆ. ಕಂಪನಿಯವರೂ ನಮಗೆ ಕರೆಂಟು ಕೊಡುವ ಹೆಸ್ಕಾಂನವರೂ ಕೂರಲಿ. ಕಡಲೆ ಒಕ್ಕಣೆ ಮುಗಿದ ಮೇಲೆ, ಮಾರ್ಚ್‌ನಲ್ಲಾದರೆ ಜನರಿಗೆ ಬಿಡುವು ಇರುತ್ತದೆ. ಜಾಗ, ಊಟ, ಚಹಾದ ವ್ಯವಸ್ಥೆ ನಾವು ಊರಿನವರು ಮಾಡುತ್ತೇವೆ. ದಿನಾಂಕ ನೀವು ತಿಳಿಸಿ.

ಇಂತಿ ನಿಮ್ಮ ಕ್ಷೇತ್ರದ ಮತದಾರಳು,
ನಿವೃತ್ತ ಶಿಕ್ಷಕಿ ಮತ್ತು ರೈತಳು
ಅಣ್ಣಿಗೇರಿ ತಾಲ್ಲೂಕು, ಧಾರವಾಡ ಜಿಲ್ಲೆ